ಎಲ್ಲರ ಹಬ್ಬಕ್ಕೂ ನಮಗೇ ಕರೆ

ಆಶ್‌ಗ್ರೋವ್ ಕಾಲೇಜು, ಅಯೋವಾ
೪ ಡಿಸೆಂಬರ್ ೧೯೫೧

ಪ್ರೀತಿಯ ಆರ್ವಿಲ್,

ನೀನೂ ಮೇಬಲ್ಲೂ ಕ್ಷೇಮವೆಂದು ನಂಬಿದ್ದೇನೆ. ಆರ್ಡಿಸಳೂ ನಾನೂ ಇಲ್ಲಿ ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆಯೇ ಎಂದು ಮಾತ್ರ ಕೇಳಬೇಡ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಅದರ ಬೆನ್ನಿಗೇ "ಬದುಕಿದೀಯೇನೋ?" ಎಂದು ನೀನು ಹಾಕಿದ ಕಾರ್ಡೂ ತಲುಪಿತು. ಬದುಕಿದ್ದೇನೆ. ತಡಮಾಡಿದ್ದಕ್ಕೆ ಕ್ಷಮಿಸು. ನೀನು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ವರ್ಷದಿಂದ ನಾವಿಬ್ಬರೂ ಓದಿದ ಬ್ರಾಡ್‌ವೆಲ್ ಕಾಲೇಜಿಗೇ ಬಂದು, ಫುಟ್ಬಾಲಿನಲ್ಲಿ ನಿನ್ನ ಸಹಾಯಕನಾಗಿ ನಿಲ್ಲುತ್ತೇನೆಯೇ, ಇಲ್ಲವೇ? ಹೌದು ಅಥವಾ ಇಲ್ಲ ಎಂದು ಬರೆದು ಅಂಚೆಗೆ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ನೀನು ಕೇಳಬಹುದು. ಈ ಊರಿನಲ್ಲಿ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತ ಅಂದರೆ ಸಾಕು, ಅವನನ್ನು ಎಬ್ಬಿಸುವುದಕ್ಕೆ ಹತ್ತು ಜನ ಬಾಗಿಲಲ್ಲಿ ನಿಂತಿರುತ್ತಾರೆ. ಮೊನ್ನೆ ಪೆನ್ನು ಹಿಡಿದು "ಪ್ರೀತಿಯ ಆರ್ವಿಲ್" ಎಂದು ಬರೆದಿದ್ದೆ, ಅಷ್ಟರಲ್ಲಿ ಜಿಮ್ನೇಶಿಯಮ್ಮಿನ ಬಾಯ್ಲರ್ ಆರಿಹೋಯಿತೆಂದು ಕರೆ ಬಂತು. ಬಾಯ್ಲರ್ ನೋಡಿಕೊಳ್ಳುವವನಿಗೆ ಸೊಂಟ ನೋವಂತೆ. ಕೋಚ್ ಇದ್ದಾನಲ್ಲ!

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಹೋದ ವಾರ ಟ್ರಸ್ಟಿಗಳು ಸಭೆ ಸೇರಿ ಆಶ್‌ಗ್ರೋವಿನ ಫುಟ್ಬಾಲಿಗೆ ಎಳ್ಳುನೀರು ಬಿಟ್ಟರು. ಅರ್ಧದಷ್ಟಾದರೂ ಆಟ ಗೆದ್ದರೆ ಫುಟ್ಬಾಲ್ ಉಳಿಸುತ್ತೇವೆ, ಇಲ್ಲದಿದ್ದರೆ ನಿಲ್ಲಿಸುತ್ತೇವೆ ಎಂದು ವಸಂತದಲ್ಲಿಯೇ ಹೇಳಿದ್ದರಲ್ಲ, ಆ ಮಾತನ್ನು ಉಳಿಸಿಕೊಂಡರು. ಅವರು ಉಳಿಸಿಕೊಂಡ ಮಾತು ನಾನು ಕಂಡಂತೆ ಇದೊಂದೇ. ಬ್ಯಾಸ್ಕೆಟ್‌ಬಾಲ್ ನನ್ನ ಕೈಯಲ್ಲೇ ಇರುತ್ತದೆ. ಅದರ ಜೊತೆಗೆ ಮೊದಲ ವರ್ಷದವರಿಗೆ ಆರೋಗ್ಯಶಾಸ್ತ್ರ ಕಲಿಸಬೇಕು, ಅಂದರೆ ಹಲ್ಲುಜ್ಜುವುದು ಹೇಗೆ ಎಂದು ಹದಿನೆಂಟು ವರ್ಷದ ರೈತರ ಮಕ್ಕಳಿಗೆ ಪಾಠ ಮಾಡಬೇಕು. ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನ ಭುಜ ತಟ್ಟಿ, "ನಿಮಗೂ ವಯಸ್ಸಾಯ್ತು ವೆಂಡೆಲ್, ಇನ್ನು ಒಂದೇ ಆಟ ಸಾಕಲ್ವಾ, ಆರಾಮಾಗಿರಿ" ಎಂದರು. ಎರಡು ಆಟವನ್ನೂ ಮಳೆಗಾಳಿಯಲ್ಲಿ, ಒಂದೇ ಸಂಬಳದಲ್ಲಿ, ಒಬ್ಬನೇ ನಡೆಸಿದಾಗ ಯಾರಿಗೂ ನನ್ನ ಆರಾಮು ನೆನಪಾಗಿರಲಿಲ್ಲ. ನನಗೆ ಬಂದ ಕೋಪಕ್ಕೆ ಟೋಪಿಯನ್ನು ಅಲ್ಲೇ ಮರೆತು ಬಂದೆ. ಮಾರನೆಯ ದಿನ ಅದನ್ನು ತರುವುದಕ್ಕೆ ಮತ್ತೆ ಅವರ ಮುಖವನ್ನೇ ನೋಡಬೇಕಾಯಿತು.

ಇದಕ್ಕೆಲ್ಲ ಮೂಲ ಯಾರೆಂದು ನಿನಗೆ ಬರೆದಿರಲಿಲ್ಲ. ಪ್ರೊಫೆಸರ್ ಹಾಲ್ವರ್ಸನ್. ಗ್ರೀಕ್ ಕಲಿಸುತ್ತಾರೆ, ಕ್ರೀಡಾ ಸಮಿತಿಯ ಮುಖ್ಯಸ್ಥರು. ಅವರು ಈ ಸ್ಥಾನಕ್ಕೆ ಬಂದದ್ದು ಯಾಕೆಂದರೆ ಸಭೆಯ ದಿನ ಅವರು ಕಿವಿಯ ಯಂತ್ರ ಹಾಕಿಕೊಂಡಿರಲಿಲ್ಲ, ಬೇಡ ಎನ್ನಲಿಲ್ಲ. ಮಾರ್ಚಿನಲ್ಲಿ ಆರ್ಡಿಸಳಿಗೆ ಪಿತ್ತಕೋಶದ ಆಪರೇಷನ್ ಆಗಿ ನಾನು ಆಸ್ಪತ್ರೆಯಲ್ಲಿ ಕೂತಿದ್ದಾಗ, ಪಾಪ, ನನಗೆ ಉಪಕಾರ ಮಾಡೋಣವೆಂದು ಈ ವರ್ಷದ ಪಂದ್ಯಗಳನ್ನೆಲ್ಲ ಅವರೇ ಗೊತ್ತುಮಾಡಿಬಿಟ್ಟರು. ನಾನು ಬಂದ ಕೂಡಲೇ ಪಟ್ಟಿ ಹಿಡಿದು ಮದುಮಗನ ಅಪ್ಪನ ಹಾಗೆ ನಿಂತಿದ್ದರು.

"ನೋಡಿ ಕೋಚ್, ನಮ್ಮನ್ನ ಜನ ಎಷ್ಟು ಇಷ್ಟಪಡ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಮೂರು ಕಾಲೇಜಿನೋರು ಅವರ ಹೋಮ್‌ಕಮಿಂಗ್ ಹಬ್ಬಕ್ಕೆ ನಮ್ಮನ್ನೇ ಕರ್ದಿದಾರೆ. ಬೇರೆ ಯಾರೂ ಬೇಡವಂತೆ, ನಾವೇ ಬೇಕಂತೆ!"

ನಾನು ಹಣೆ ಚಚ್ಚಿಕೊಂಡೆ. "ಸ್ವಾಮಿ, ಹೋಮ್‌ಕಮಿಂಗ್ ಅಂದ್ರೆ ಏನು ಅಂತ ಗೊತ್ತಾ ನಿಮಗೆ?"

"ಯಾಕೆ ಗೊತ್ತಿಲ್ಲ? ಹಳೇ ವಿದ್ಯಾರ್ಥಿಗಳೆಲ್ಲ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಕಾಲೇಜಿಗೆ ಬರೋ ದಿನ. ಮೆರವಣಿಗೆ, ಊಟ, ಆಟ."

"ಹಾಂ. ಅವತ್ತು ಅಷ್ಟು ಜನದ ಮುಂದೆ ಸೋತ್ರೆ ಅವರ ಮಾನ ಉಳಿಯತ್ತಾ? ದೇಣಿಗೆ ಹುಟ್ಟತ್ತಾ? ಅದಕ್ಕೇ ಇಡೀ ರಾಜ್ಯ ಹುಡುಕಿ, ಕಣ್ಣು ಮುಚ್ಕೊಂಡು ಸೋಲಿಸಬಹುದಾದ ಟೀಮನ್ನ ಕರೀತಾರೆ. ಕರ್ದಿರೋದು ನೆಂಟರಾಗಿ ಅಲ್ಲ ಸ್ವಾಮಿ, ಊಟಕ್ಕೆ ಕೊಯ್ಯೋ ಕೋಳಿಯಾಗಿ."

ಅವರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡು, "ಆದ್ರೂ ಕಾಗದ ತುಂಬ ಮರ್ಯಾದೆಯಿಂದ ಬರ್ದಿದಾರೆ" ಎಂದರು. ಗ್ರೀಕ್ ಓದಿದವರೊಂದಿಗೆ ವಾದ ಮಾಡಬಾರದು.

ನಾಲ್ಕನೆಯ ಕರೆಯೇ ನಿನ್ನದು. ಅದು ಬಂದಾಗ ಹಾಲ್ವರ್ಸನ್ ಈ ಸಲ ಹುಷಾರಾಗಿ, ಕಾಗದವನ್ನು ತುದಿಬೆರಳಲ್ಲಿ ಹಿಡಿದು, "ಇದೂ ಕೋಳಿನೇನಾ?" ಎಂದು ಕೇಳಿದರು. ನನಗೆ ನಗು ಬಂತು. "ಛೆ, ಇದು ಬೇರೆ. ಆರ್ವಿಲ್ಲೂ ನಾನೂ ಒಂದೇ ಕೋಣೇಲಿ ಮಲಗಿ ಓದಿದೋರು. ಅದು ನನ್ನ ಕಾಲೇಜು. ಹಳೇ ಹುಡುಗನಾಗಿ ನಾನೂ ಆ ಹಬ್ಬಕ್ಕೆ ಬರ್ಲಿ ಅಂತ ಕರ್ದಿದಾನೆ" ಎಂದೆ. ಅವರು "ಓಹೋ" ಎಂದರು. ಆ ಓಹೋ ನನಗೆ ಆಗ ಹಿಡಿಸಲಿಲ್ಲ.

ಮಿಕ್ಕ ಮೂರು ಹಬ್ಬಗಳ ಕತೆ ಏನು ಹೇಳಲಿ? ಒಂದು ಕಡೆ ನಮ್ಮ ಬಸ್ಸು ಬಂದ ಕೂಡಲೇ ಬ್ಯಾಂಡಿನವರು ಶವಯಾತ್ರೆಯ ರಾಗ ಬಾರಿಸಿದರು. ಇನ್ನೊಂದು ಕಡೆ ಸ್ವಾಗತ ಸಮಿತಿಯ ಹೆಂಗಸೊಬ್ಬಳು ನಮ್ಮ ಹುಡುಗರಿಗೆ ಬಿಸಿ ಸೇಬಿನ ರಸ ಕೊಡುತ್ತ, "ಪಾಪ, ಕುಡೀರಿ ಮಕ್ಕಳೇ" ಎಂದಳು. ನನಗೆ ಆ ಶವಯಾತ್ರೆಯೇ ವಾಸಿ ಎನಿಸಿತು. ಅಲ್ಲಿ ನಾವು ಗೆದ್ದೆವು, ಅದು ಬೇರೆ ಮಾತು. ಗೆದ್ದ ಮೇಲೆ ಊಟಕ್ಕೆ ಕರೆದವರೇ ಮರೆತುಬಿಟ್ಟರು, ಹುಡುಗರು ದಾರಿಯಲ್ಲಿ ಪೆಟ್ರೋಲ್ ಬಂಕಿನ ಬ್ರೆಡ್ಡು ತಿಂದು ಬಂದರು. ಒಳ್ಳೆಯ ಹುಡುಗರೆಲ್ಲ ಕೊರಿಯಾದ ಯುದ್ಧದಲ್ಲಿದ್ದಾರೆ ಆರ್ವಿಲ್. ನನಗೆ ಉಳಿದವರು ಕನ್ನಡಕದವರು, ಪಾದ್ರಿಯಾಗಲು ಓದುವವರು, ಮತ್ತೆ ಡೆಲ್ಬರ್ಟ್ ಸ್ಟೂಬೆ. ಹಂದಿ ಸಾಕುವ ಸ್ಟೂಬೆಯ ಮಗ. ಚೆಂಡು ಹಿಡಿದು ನುಗ್ಗುವವರನ್ನು ತಡೆಯುವ ಸಾಲಿನ ಎಡಗಡೆ ಅವನೊಬ್ಬ ನಿಂತರೆ ಮಿಕ್ಕವರಿಗೆ ಧೈರ್ಯ. ನಿನ್ನಲ್ಲಿಗೆ ಬರುವ ಹೊತ್ತಿಗೆ ನಾವು ಅರ್ಧಕ್ಕರ್ಧ ಗೆದ್ದಿದ್ದೆವು. ಇನ್ನೊಂದನ್ನು ಗೆದ್ದಿದ್ದರೂ ಟ್ರಸ್ಟಿಗಳ ಬಾಯಿ ಮುಚ್ಚುತ್ತಿತ್ತು.

ಆ ದಿನ ನಿನ್ನ ಊರು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮೇಪಲ್ ಮರಗಳೆಲ್ಲ ಕೆಂಪಾಗಿದ್ದವು. ಹೆಂಗಸರೆಲ್ಲ ಎದೆಗೆ ದೊಡ್ಡ ಹಳದಿ ಸೇವಂತಿಗೆ ಸಿಕ್ಕಿಸಿಕೊಂಡಿದ್ದರು. ನಮ್ಮ ಕಾಲದ ಆಟಗಾರರಿಗೆಲ್ಲ ಹೊಟ್ಟೆ ಬಂದಿದೆ, ನನ್ನನ್ನು ಕಂಡು "ಏಯ್ ವೆಂಡೆಲ್, ಇವತ್ತು ಯಾವ ಕಡೆ ಕಣೋ ನೀನು?" ಎಂದು ಕೂಗುತ್ತಿದ್ದರು. ಮೆರವಣಿಗೆಯಲ್ಲಿ ನಿನ್ನ ಹುಡುಗರು ಒಂದು ಲಾರಿಯ ಮೇಲೆ ಕಾಗದದ ದೊಡ್ಡ ಹಂಡೆ ಇಟ್ಟು, ಅದರೊಳಗೆ ನಮ್ಮ ತಂಡದ ಗುರುತಾದ ಕಾಡುಕೋಳಿಯನ್ನು ಕೂರಿಸಿ ಬೇಯಿಸುತ್ತಿದ್ದರಲ್ಲ, ಆರ್ಡಿಸ್ ಅದನ್ನು ನೋಡಿ ನಿಂತುಬಿಟ್ಟಳು. "ಎಷ್ಟು ಚೆನ್ನಾಗಿ ಮಾಡಿದಾರೆ ರೀ. ನಿಮ್ಮ ಟೀಮಿಗಿಂತ ಗಟ್ಟಿಮುಟ್ಟಾಗಿದೆ" ಎಂದಳು. ಹಾಲ್ವರ್ಸನ್ ಮಾತ್ರ ಆ ಕೋಳಿಯನ್ನು ನೋಡಿ ನನ್ನನ್ನು ನೋಡಿದರು.

ಆಟದ ಬಗ್ಗೆ ನಿನಗೆ ನಾನೇನು ಹೇಳುವುದು, ನೀನೇ ಎದುರಿಗಿದ್ದೆ. ಮಧ್ಯಂತರದವರೆಗೂ ನಿಮಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ನಿಮ್ಮ ಹಳೆಯ ವಿದ್ಯಾರ್ಥಿಗಳು ಸಪ್ಪಗಾಗಿದ್ದರು. ಆಮೇಲೆ ನಿನ್ನ ಹುಡುಗರು ನಮ್ಮ ಎಡಕ್ಕೆ ತಿರುಗಿದರು. ಎಡಕ್ಕೇ ಬಂದರು, ಮತ್ತೆ ಎಡಕ್ಕೇ ಬಂದರು, ಡೆಲ್ಬರ್ಟ್ ಬೀಳುವವರೆಗೂ ಬಂದರು. ಅವನನ್ನು ಎತ್ತಿಕೊಂಡು ಹೋದ ಮೇಲೆ ಆ ಜಾಗದಲ್ಲಿ ನಿಲ್ಲಿಸಲು ನನಗೆ ಯಾರೂ ಇರಲಿಲ್ಲ. ಮಧ್ಯಂತರದಲ್ಲಿ ನಮ್ಮ ಬ್ಯಾಂಡಿನಲ್ಲಿ ಟ್ರಾಂಬೋನ್ ಊದಿದನಲ್ಲ, ಆ ಹುಡುಗನಿಗೇ ಹೆಲ್ಮೆಟ್ ಹಾಕಿ ಕಳಿಸಿದೆ. "ಕೋಚ್, ನಾನು ಏನ್ ಮಾಡ್ಬೇಕು?" ಎಂದು ಕೇಳಿದ. "ಅಡ್ಡ ಬೀಳು" ಎಂದೆ. ಪ್ರಾಮಾಣಿಕ ಹುಡುಗ, ಕಡೆಯವರೆಗೂ ಅಡ್ಡ ಬಿದ್ದ. ಅವನ ಮೇಲೆ ಹಾದು ನೀವು ಎಷ್ಟು ಗಳಿಸಿದಿರಿ ಎಂಬುದು ಪತ್ರಿಕೆಯಲ್ಲಿ ಬಂದಿದೆ. ಅದಾದ ಮೇಲೆ ನಮ್ಮ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಆಟ ಮುಗಿದ ಮೇಲೆ ನೀನು ಬಂದು ತಬ್ಬಿಕೊಂಡು, "ಚೆನ್ನಾಗಿ ಆಡಿದ್ರಿ ಕಣೋ, ನಿಜವಾಗ್ಲೂ ಹೆದರಿಸಿಬಿಟ್ರಿ" ಎಂದೆ. ಮೇಬಲ್ ದಾರಿಗೆಂದು ಕುಂಬಳಕಾಯಿಯ ಪೈ ಕಟ್ಟಿಕೊಟ್ಟಳು. ಅವಳಿಗೆ ನನ್ನ ಧನ್ಯವಾದ ಹೇಳು, ಹುಡುಗರು ತಟ್ಟೆ ನೆಕ್ಕಿದರು. ನೀನು ಬಸ್ಸಿನ ಬಾಗಿಲವರೆಗೂ ಬಂದೆ. ಒಳಗೆ ಹತ್ತಿ ಡೆಲ್ಬರ್ಟನನ್ನು ಮಾತಾಡಿಸುತ್ತೀಯೇನೋ ಎಂದು ನಾನು ಪಕ್ಕಕ್ಕೆ ಸರಿದು ನಿಂತಿದ್ದೆ. ನಿನ್ನನ್ನು ಜನ ಕರೆಯುತ್ತಿದ್ದರು, ಹೋದೆ.

ಈಗ ಬ್ಯಾಸ್ಕೆಟ್‌ಬಾಲಿನ ಅವಾಂತರ ಕೇಳು. ನಿನಗೆ ಗೊತ್ತಲ್ಲ, ನಮ್ಮಂಥ ಬಡ ಕಾಲೇಜಿನಲ್ಲಿ ಫುಟ್ಬಾಲಿನ ಹುಡುಗರೇ ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲಿನ ಹುಡುಗರು. ಮೂರು ತಿಂಗಳು "ಚೆಂಡು ಹಿಡಿದವನ ಮೇಲೆ ಬಿದ್ದು ಕೆಡವು" ಎಂದು ಅರಚಿದವನೇ ನಾನು. ಈಗ "ಮೈ ಮುಟ್ಟಬೇಡ" ಎಂದರೆ ಅವರು ನನ್ನನ್ನು ಹುಚ್ಚನೆಂಬಂತೆ ನೋಡುತ್ತಾರೆ. ಮೊದಲ ಪಂದ್ಯದಲ್ಲಿ ಅರ್ಧ ಆಟ ಮುಗಿಯುವುದರೊಳಗೆ ನಾಲ್ವರು ಫೌಲಾಗಿ ಹೊರಗೆ ಕೂತರು. ಇದು ಸಾಲದೆಂದು ಕ್ರಿಸ್‌ಮಸ್ ಹಾಡಿನ ಮೇಳದವರು ಜಿಮ್ನೇಶಿಯಮ್ಮಿನ ಅರ್ಧ ನೆಲದ ಮೇಲೆ ಹಲಗೆಯ ಮೆಟ್ಟಿಲು ಜೋಡಿಸಿದ್ದಾರೆ. ತೆಗೆಯಿರಿ ಎಂದರೆ ಸಂಗೀತದ ಮೇಡಮ್ಮು, "ಕೋಚ್, ಏಸುಸ್ವಾಮಿ ಹುಟ್ಟೋದು ವರ್ಷಕ್ಕೊಂದೇ ಸಲ" ಎಂದಳು. ಹೀಗಾಗಿ ನಾವು ಒಂದೇ ಬುಟ್ಟಿಗೆ ಚೆಂಡು ಹಾಕಲು ಕಲಿಯುತ್ತಿದ್ದೇವೆ. ಪಂದ್ಯದ ದಿನ ಇನ್ನೊಂದು ಕಡೆಯ ಬುಟ್ಟಿಯನ್ನು ಕಂಡು ಹುಡುಗರು ಬೆಚ್ಚಿಬೀಳುತ್ತಾರೆ. ಬುಟ್ಟಿಯ ಕೆಳಗೆ ನಿಲ್ಲಬೇಕಾದ ಎತ್ತರದ ಹುಡುಗ ಡೆಲ್ಬರ್ಟೇ. ಅವನು ಊರುಗೋಲು ಹಿಡಿದು ಬೆಂಚಿನ ಮೇಲೆ ಕೂತು ಬೇರೆಯವರಿಗೆ ಟವೆಲ್ ಕೊಡುತ್ತಾನೆ. ನಾನು ಆ ಕಡೆ ಹೆಚ್ಚು ನೋಡುವುದಿಲ್ಲ.

ಊರಿನವರ ಬುದ್ಧಿವಾದವಂತೂ ಕೇಳಲೇಬೇಡ. ಕ್ಷೌರದಂಗಡಿಯ ಗಸ್ ನನ್ನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ, "ಅಲ್ಲ ಕೋಚ್, ಬ್ರಾಡ್‌ವೆಲ್‌ನೋರು ಎಡಕ್ಕೇ ಬರ್ತಿದಾರೆ ಅಂತ ನನ್ನ ಮೊಮ್ಮಗನಿಗೂ ಗೊತ್ತಾಯ್ತು, ನಿಮಗ್ಯಾಕೆ ಗೊತ್ತಾಗ್ಲಿಲ್ಲ?" ಎಂದ. ಗೊತ್ತಾಯಿತು ಗಸ್, ಎಂದೆ. "ಮತ್ತೆ?" ಎಂದ. ಕತ್ತಿ ಕತ್ತಿನ ಮೇಲಿದ್ದುದರಿಂದ ಸುಮ್ಮನಾದೆ.

ಆರ್ಡಿಸಳದು ಬೇರೆಯೇ ರಾಮಾಯಣ. ನಿನ್ನ ಕಾಗದವನ್ನು ಅವಳೂ ಓದಿದ್ದಾಳೆ. ಬ್ರಾಡ್‌ವೆಲ್‌ನಲ್ಲಿ ಮೇಬಲ್ ಪಕ್ಕದ ಮನೆ ಖಾಲಿಯಿದೆ ಎಂದು ನೀನು ಬರೆದ ಸಾಲನ್ನಂತೂ ಬಾಯಿಪಾಠ ಮಾಡಿದ್ದಾಳೆ. ಇಷ್ಟು ವರ್ಷ ನನ್ನ ಹುಡುಗರ ಜರ್ಸಿಗಳನ್ನು ಸಂಬಳವಿಲ್ಲದೆ ಒಗೆದವಳು ಅವಳು. ಒಮ್ಮೆ ಕೆಂಪು ಬಣ್ಣ ಬಿಟ್ಟು ನನ್ನ ಬನಿಯನ್‌ಗಳೆಲ್ಲ ಗುಲಾಬಿಯಾದದ್ದು ನಿನಗೆ ನೆನಪಿರಬೇಕು. ನಿನ್ನೆ ಪಾತ್ರೆ ತೊಳೆಯುತ್ತ ಶುರುಮಾಡಿದಳು.

"ರೀ, ಆರ್ವಿಲ್ ಕೈತುಂಬಾ ಕೆಲಸ ಕೊಡ್ತೀನಿ ಅಂತಿದಾನೆ. ನೀವು ಫುಟ್ಬಾಲ್ ಇಲ್ದೆ ಉಸಿರಾಡಕ್ಕಾಗದೋರು. ಬರ್ತೀನಿ ಅಂತ ಒಂದು ಸಾಲು ಬರೆಯೋಕೆ ಏನು ಧಾಡಿ?"

"ಅವನ ಕೈಕೆಳಗೆ ಕೆಲಸ ಮಾಡೋ ವಯಸ್ಸಾ ನಂದು?"

"ಇಲ್ಲಿ ಹಲ್ಲುಜ್ಜೋದು ಹೇಳಿಕೊಡೋ ವಯಸ್ಸಾ?"

"ಈ ಹುಡುಗರನ್ನ ನಡುನೀರಲ್ಲಿ ಬಿಟ್ಟು ಹೋಗಕ್ಕಾಗಲ್ಲ" ಎಂದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸದೇ ಇಟ್ಟು, "ಏನೋ ಆಗಿದೆ ನಿಮಗೆ. ಆ ಪಂದ್ಯ ಸೋತು ಬಂದಾಗಿನಿಂದ ಆರ್ವಿಲ್ ಹೆಸರೆತ್ತಿದ್ರೆ ಎದ್ದು ಹೋಗ್ತೀರಿ. ಸೋಲು ನಿಮಗೆ ಹೊಸದಾ?" ಎಂದಳು. ಹೊಸದಲ್ಲ, ಎಂದೆ. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲಿನ ಹಿಮ ಬಳಿದೆ. ಅದನ್ನು ಬೆಳಿಗ್ಗೆಯೇ ಬಳಿದಾಗಿತ್ತು.

ಆದ್ದರಿಂದ ಆರ್ವಿಲ್, ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ನೀನು ಕೇಳಿದ್ದಕ್ಕೆ ಸಂತೋಷ. ನನಗೆ ಈ ವಯಸ್ಸಿನಲ್ಲಿ ಹೊಸ ಊರು ಒಗ್ಗುವುದಿಲ್ಲ, ಇಲ್ಲಿನ ಬಾಯ್ಲರ್ ನನ್ನ ಮಾತೊಂದನ್ನೇ ಕೇಳುತ್ತದೆ, ಇತ್ಯಾದಿ. ಫುಟ್ಬಾಲ್ ಇಲ್ಲದ ಸೆಪ್ಟೆಂಬರ್ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಗಾಡಿಯನ್ನು ಮೊನ್ನೆ ಹಾಲ್ವರ್ಸನ್ ಹರಾಜಿಗೆ ಹಾಕಲು ಹೊರಟಿದ್ದರು. ಅವರ ಮೇಲೆ ಕಿರುಚಿ ಅದನ್ನು ನಮ್ಮ ಗ್ಯಾರೇಜಿಗೆ ತಂದಿಟ್ಟುಕೊಂಡಿದ್ದೇನೆ. ಯಾಕೆ ಎಂದು ಆರ್ಡಿಸ್ ಕೇಳಿದಳು. ಟೊಮೇಟೊ ಪಾತಿಗೆ ಬೇಕಾಗುತ್ತದೆ ಎಂದೆ.

ನಿನ್ನ ಮಗಳು ರೂತ್‌ಳ ಮದುವೆ ವಸಂತದಲ್ಲಿ ಎಂದು ಬರೆದಿದ್ದೀ. ಅವಳು ನನ್ನ ಭುಜದ ಮೇಲೆ ಕೂತು ಆಟ ನೋಡಿದ ಮಗು. ದೇವರು ಅವಳನ್ನೂ ಅವಳ ಗಂಡನನ್ನೂ ಚೆನ್ನಾಗಿಟ್ಟಿರಲಿ, ಅವನು ಕೋಚ್ ಅಲ್ಲವಷ್ಟೆ? ಹಾಗಾದರೆ ಸುಖವಾಗಿರುತ್ತಾಳೆ. ಮೇಬಲ್‌ಗೆ ನಮ್ಮಿಬ್ಬರ ನೆನಪುಗಳು. ಚಳಿಗೆ ನಿನ್ನ ಎದೆ ಹಿಡಿದುಕೊಳ್ಳುತ್ತದೆ, ಬೆಚ್ಚಗಿರು.

ಇಂತಿ ನಿನ್ನ,
ವೆಂಡೆಲ್

ಮತ್ತೊಂದು ಮಾತು: ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಮೇಲೆ ಬರೆದ ಕಾರಣಗಳನ್ನು ನಾನೇ ನಂಬುವುದಿಲ್ಲ, ನೀನು ಹೇಗೆ ನಂಬುತ್ತೀ.

ಡೆಲ್ಬರ್ಟ್ ಈ ವರ್ಷದ ಪಂದ್ಯಗಳಲ್ಲೆಲ್ಲ ಬಲ ಮಂಡಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಆಡಿದ. ಅದನ್ನು ಸುತ್ತಿದವನು ನಾನು. ಬಲ ಮಂಡಿಗೆ ಏನೂ ಆಗಿರಲಿಲ್ಲ. ವಸಂತದಲ್ಲಿ ಹುಲ್ಲಿನ ಅಟ್ಟದಿಂದ ಬಿದ್ದು ಕೆಟ್ಟದ್ದು ಎಡ ಮಂಡಿ. ಹುಷಾರಾಗಿದ್ದರೆ ಆಡಬಹುದು ಎಂದು ಡಾಕ್ಟರು ಹೇಳಿದ್ದರು, ಹುಡುಗ ಆಡಿಯೇ ತೀರುತ್ತೇನೆ ಎಂದ, ನಾನು ಒಪ್ಪಿದೆ. ಆ ಪಾಪ ನನ್ನದು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ನೋವಿರುವ ಕಾಲನ್ನು ಬರಿದಾಗಿ ಬಿಟ್ಟು ನೆಟ್ಟಗಿರುವ ಕಾಲಿಗೆ ಪಟ್ಟಿ ಸುತ್ತುವುದು ಕೋಚುಗಳ ಹಳೆಯ ಉಪಾಯ, ನಮ್ಮಿಬ್ಬರಿಗೂ ಕಲಿಸಿದ್ದು ಒಬ್ಬನೇ ಗುರು. ಎಲ್ಲ ತಂಡದವರೂ ಮೋಸಹೋದರು. ಎಲ್ಲರೂ ಬಲ ಮಂಡಿಗೇ ನುಗ್ಗಿದರು, ಅದು ಕಂಬದಂತೆ ನಿಂತಿತು. ನಿನ್ನ ಹುಡುಗರು ಮಾತ್ರ ಮಧ್ಯಂತರದ ಮೇಲೆ ಆ ಬ್ಯಾಂಡೇಜಿನ ಕಡೆ ತಿರುಗಿಯೂ ನೋಡಲಿಲ್ಲ.

ಎಡ ಮಂಡಿಯ ವಿಷಯ ಡಾಕ್ಟರಿಗೆ ಗೊತ್ತಿತ್ತು, ಡೆಲ್ಬರ್ಟನಿಗೆ, ನನಗೆ. ಅವನ ಅಮ್ಮನಿಗೆ ಕೂಡ ಹೇಳಿರಲಿಲ್ಲ. ಆರ್ಡಿಸಳಿಗೂ ಹೇಳಿರಲಿಲ್ಲ. ಜುಲೈನಲ್ಲಿ ನಿನ್ನ ದೋಣಿಯಲ್ಲಿ, ಮೀನು ಕಚ್ಚದೆ ಸುಮ್ಮನೆ ಕೂತಿದ್ದ ಆ ಮಧ್ಯಾಹ್ನ, ನಿನಗೆ ಹೇಳಿದ್ದೆ. ಆ ಹುಡುಗನ ಚಿಂತೆ ನನ್ನನ್ನು ತಿನ್ನುತ್ತಿತ್ತು, ಹೇಳಿಕೊಂಡರೆ ಹಗುರಾಗುತ್ತದೆಂದು ಹೇಳಿದೆ. ಹಗುರಾಯಿತು ಕೂಡ.

ಹಿಂತಿರುಗುವಾಗ ಬಸ್ಸಿನಲ್ಲಿ ಅವನು ಎರಡು ಸೀಟಿನ ಮೇಲೆ ಕಾಲು ಚಾಚಿಕೊಂಡಿದ್ದ. "ಕೋಚ್, ಯಾವ ಕಾಲು ಅಂತ ಅವ್ರಿಗೆಂಗ್ ಗೊತ್ತಾಯ್ತು?" ಎಂದು ಕೇಳಿದ.

"ಕಾಕತಾಳೀಯ ಕಣೋ. ಆಟದಲ್ಲಿ ಹಂಗಾಗತ್ತೆ" ಎಂದೆ.

"ಆಗ್ಬೋದು ಬಿಡಿ" ಎಂದು ಕಿಟಕಿಯ ಕಡೆ ತಿರುಗಿಕೊಂಡ. ಅವನು ದಡ್ಡನಲ್ಲ. ನನ್ನ ಮರ್ಯಾದೆ ಉಳಿಸಿದ.

ಇಂಥದ್ದನ್ನು ಹೇಳಿಕೊಳ್ಳುವುದಕ್ಕೆ ನನಗೆ ಈ ಲೋಕದಲ್ಲಿ ಇದ್ದವನು ನೀನೊಬ್ಬನೇ ಆರ್ವಿಲ್. ಈಗ ಯಾರಿಗೆ ಹೇಳಲಿ?